ವಯಸ್ಸಾದ ಬೇಟೆನಾಯಿಗೆ ಇನ್ನೊಂದು ಸೂಲು ಬೇಕೆ?



ಮುಧೋಳ ಸೀಮೆಯ ಊರುಗಳಲ್ಲಿ ಎತ್ತು ಎಮ್ಮೆಗಳ ಜೊತೆಗೆ ಉದ್ದ ಕಾಲಿನ, ಸಣ್ಣ ನಡುವಿನ, ಚೂಪು ಮೋರೆಯ ನಾಯಿಯೊಂದು ಕಟ್ಟೆಯ ಮೇಲೆ ಮಲಗಿರುವುದು ಹೊಸ ನೋಟವೇನೂ ಅಲ್ಲ. ಹಿಂದೆ ಈ ನಾಯಿಯ ಕಸಬು ಮೊಲವನ್ನು ಅಟ್ಟುವುದಾಗಿತ್ತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಬೇಟೆಗೆ ಎಡೆಯಿಲ್ಲ. ಮೊಲವನ್ನಾಗಲಿ ಚಿಗರಿಯನ್ನಾಗಲಿ ನಾಯಿ ಬಿಟ್ಟು ಹಿಡಿಸಿದರೆ ಅಪರಾಧವಾಗುತ್ತದೆ. ಆದರೂ ನಾಯಿಯ ಬೆಲೆ ಇಳಿದಿಲ್ಲ. ಹೊಲ ಕಾಯಲು, ಕುರಿಹಟ್ಟಿಯ ಬಳಿ ಎಚ್ಚರವಾಗಿರಲು, ಮರಿ ಮಾರಿ ನಾಲ್ಕು ಕಾಸು ಕಾಣಲು ಇದನ್ನು ಸಾಕುವ ಮನೆಗಳು ಅನೇಕ ಇವೆ. ೨೦೦೫ರಲ್ಲಿ ಅಂಚೆ ಇಲಾಖೆಯವರು ಇದರ ಚಿತ್ರವಿರುವ ಅಂಚೆಚೀಟಿ ತಂದರು. ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವೇ ಇದೆ.

ಹೆಸರು ಬಂದಂತೆ ಮರಿ ಕೇಳುವವರೂ ಹೆಚ್ಚಿದರು. ಈ ಪಾಠಕ್ಕೆ ಕಾರಣವಾದ ಪ್ರಶ್ನೆ ಹುಟ್ಟಿದ್ದು ಅಲ್ಲಿಯೇ.

ನಿಮ್ಮ ಮನೆಯ ಹೆಣ್ಣು ನಾಯಿಗೆ ಏಳು ವರ್ಷ ತುಂಬಿದೆ ಎಂದಿಟ್ಟುಕೊಳ್ಳಿ. ಓಟದಲ್ಲಿ ಅದಕ್ಕೆ ಸರಿಗಟ್ಟುವ ನಾಯಿ ಸುತ್ತಿನ ನಾಲ್ಕು ಊರಲ್ಲಿ ಇರಲಿಲ್ಲ. ಮನೆಯ ಮಕ್ಕಳು ಅದರ ಬೆನ್ನು ಹಿಡಿದು ನಡೆಯಲು ಕಲಿತವರು. ಈಗ ಅದರ ಮೂತಿ ಬೆಳ್ಳಗಾಗುತ್ತಿದೆ. ಒಂದು ದಿನ ಮರಿ ವ್ಯಾಪಾರಿಯೊಬ್ಬ ಬಂದು, “ಇನ್ನೊಂದು ಸೂಲ ತಗೀರಿ ಗೌಡ್ರ, ಮರಿಗೆ ಈಗ ಮುಂಗಡ ಕೊಡತೇನ್ರಿ” ಎನ್ನುತ್ತಾನೆ. ನಿಮಗೂ ಒಳಗೊಳಗೇ ಆಸೆಯಿದೆ, ಇಂಥ ನಾಯಿಯ ಕುಡಿ ಮನೆಯಲ್ಲಿ ಉಳಿಯಲಿ ಎಂದು. ದುಡ್ಡಿನ ಆಸೆಗಿಂತ ಈ ಆಸೆಯೇ ದೊಡ್ಡದು. ಅನೇಕರು ತಪ್ಪು ಮಾಡುವುದೂ ಈ ಪ್ರೀತಿಯಿಂದಲೇ.

ಇಂಥ ಹೊತ್ತಿನಲ್ಲಿ ಹೂಂ ಎನ್ನುವ ಮೊದಲು ಏನೇನು ನೋಡಬೇಕೆಂಬುದನ್ನು ಇಲ್ಲಿ ಹೇಳುತ್ತೇನೆ.

ವಯಸ್ಸು ಮತ್ತು ಹಿಂದಿನ ಸೂಲು

ಹೆಣ್ಣು ನಾಯಿ ಮರಿ ಹಾಕಲು ಒಳ್ಳೆಯ ಕಾಲವೆಂದರೆ ಎರಡರಿಂದ ಐದು ವರ್ಷ. ಐದಾರು ದಾಟಿದ ಮೇಲೆ ಗಬ್ಬ ನಿಲ್ಲುವುದು ಕಡಿಮೆಯಾಗುತ್ತದೆ. ನಿಂತರೂ ಮರಿಗಳ ಸಂಖ್ಯೆ ಇಳಿಯುತ್ತದೆ. ಹೊಟ್ಟೆಯಲ್ಲಿ ಸಾಯುವ ಮರಿಗಳೂ, ಹುಟ್ಟಿ ಎರಡು ಮೂರು ದಿನಗಳಲ್ಲಿ ಸಾಯುವ ಮರಿಗಳೂ ಹೆಚ್ಚುತ್ತವೆ. ಇದಕ್ಕಿಂತ ಮುಖ್ಯವಾದುದು ಹೆರಿಗೆಯ ಕಷ್ಟ. ಗರ್ಭಕೋಶವೂ ಒಂದು ಸ್ನಾಯುವೇ. ವಯಸ್ಸಾದ ನಾಯಿಯಲ್ಲಿ ಅದು ನಡುವೆಯೇ ಸೋತು ನಿಂತುಬಿಡುವುದುಂಟು. ಒಂದೋ ಎರಡೋ ಮರಿ ಮಾತ್ರ ಇದ್ದಾಗಲೂ ತೊಂದರೆ ಇದೆ. ಮರಿ ಕಡಿಮೆಯಾದಷ್ಟೂ ಒಂದೊಂದೂ ದಪ್ಪವಾಗಿ ಬೆಳೆಯುತ್ತದೆ. ಹೆರಿಗೆಯನ್ನು ಶುರುಮಾಡಿಸುವ ಸೂಚನೆಯೂ ಮೈಯಲ್ಲಿ ಬಲವಾಗಿ ಏಳುವುದಿಲ್ಲ.

ಆದರೆ ವಯಸ್ಸೊಂದನ್ನೇ ನೋಡಿ ತೀರ್ಮಾನಿಸಲಾಗದು. ಏಳು ವರ್ಷದ ಎರಡು ನಾಯಿಗಳಿವೆ ಎನ್ನಿ. ಒಂದು ಮೂರು ಸೂಲು ಕಂಡಿದೆ, ಮೂರರಲ್ಲೂ ಸಲೀಸಾಗಿ ಈದು ಮರಿಗಳನ್ನೆಲ್ಲ ಸಾಕಿದೆ. ಇನ್ನೊಂದಕ್ಕೆ ಒಮ್ಮೆಯೂ ಮರಿಯಾಗಿಲ್ಲ. ಮೊದಲನೆಯದರ ವಿಷಯದಲ್ಲಿ ವೈದ್ಯರನ್ನು ಕೇಳಿ ಯೋಚಿಸಬಹುದು. ಎರಡನೆಯದರ ವಿಷಯದಲ್ಲಿ ಯೋಚಿಸುವಂಥದೇನೂ ಇಲ್ಲ, ಬೇಡ ಎಂದೇ ಹೇಳಬೇಕು. ಐದಾರು ವರ್ಷ ದಾಟಿದ ಮೇಲೆ ಚೊಚ್ಚಲ ಹೆರಿಗೆ ಮಾಡಿಸುವುದು ಆ ನಾಯಿಯ ಪ್ರಾಣವನ್ನು ಪಣಕ್ಕಿಟ್ಟಂತೆ. ನಮ್ಮ ಜನ ತದ್ವಿರುದ್ಧವಾಗಿ ಎಣಿಸುತ್ತಾರೆ. “ಒಂದ ಸೂಲೂ ಆಗಿಲ್ಲ ಪಾಪ, ಒಂದರೆ ಆಗಲಿ” ಎನ್ನುತ್ತಾರೆ. ಒಮ್ಮೆಯಾದರೂ ಈಯದಿದ್ದರೆ ನಾಯಿಗೆ ರೋಗ ಬರುತ್ತದೆಂಬ ಮಾತೂ ಇದೆ. ಇದು ನಿಜವಲ್ಲ. ಒಂದು ಸೂಲಾದರೆ ಮುದಿ ನಾಯಿಗೆ ಹೊಸ ಹುರುಪು ಬರುತ್ತದೆ ಎಂಬುದಂತೂ ಬರೀ ಬಾಯಿಮಾತು. ಆರು ಮರಿಗಳಿಗೆ ಹಾಲೂಡಿದ ಏಳು ವರ್ಷದ ನಾಯಿಯ ಬೆನ್ನಮೂಳೆಯ ಮೇಲೆ ಕೈಯಾಡಿಸಿದವರಿಗೆ ಆ ಹುರುಪು ಎಲ್ಲಿ ಹೋಯಿತೆಂಬುದು ತಿಳಿದೀತು.

ಕಾನೂನಿನ ಮಾತನ್ನೂ ಇಲ್ಲಿಯೇ ಮುಗಿಸುತ್ತೇನೆ. ನಾಯಿಮರಿಗಳನ್ನು ಬೆಳೆಸಿ ಮಾರುವವರಿಗಾಗಿ ೨೦೧೭ರಲ್ಲಿ ಕೇಂದ್ರ ಸರಕಾರದ ನಿಯಮಗಳು ಬಂದಿವೆ. ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಹದಿನೆಂಟು ತಿಂಗಳು ತುಂಬದ ಹೆಣ್ಣಿಗೆ ಗಂಡು ಕೊಡಿಸಕೂಡದು. ಎಂಟು ವರ್ಷ ತುಂಬಿದ ಮೇಲೆಯೂ ಕೊಡಿಸಕೂಡದು. ವರ್ಷಕ್ಕೆ ಒಂದು ಸೂಲು, ಜೀವಮಾನದಲ್ಲಿ ಐದು ಸೂಲು ಮಾತ್ರ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಎಂಟು ವರ್ಷವೆಂಬುದು ಆಚೆಗೆ ಹೋಗಬಾರದ ಎಲ್ಲೆಯೇ ಹೊರತು ಅಲ್ಲಿಯವರೆಗೂ ಹೋಗಲೇಬೇಕೆಂಬ ಗುರಿಯಲ್ಲ.

ಮೈ ತಡವಿ ನೋಡಿರಿ

ನಾಯಿಯನ್ನು ಬೆಳಗಿನ ತಂಪು ಹೊತ್ತಿನಲ್ಲಿ ಹೊಲದ ದಾರಿಯಲ್ಲಿ ಓಡಲು ಬಿಡಿ. ವಯಸ್ಸಿಗೆ ಬಂದಾಗಿನ ವೇಗ ಬೇಡ. ಓಡಿ ಬಂದು ಮಲಗಿದ ಮೇಲೆ ಉಸಿರು ಎಷ್ಟು ಹೊತ್ತಿಗೆ ಹದಕ್ಕೆ ಬರುತ್ತದೆಂದು ಗಮನಿಸಿ. ಬಹಳ ಹೊತ್ತು ಏದುಸಿರು ಬಿಡುತ್ತಿದ್ದರೆ, ರಾತ್ರಿ ಮಲಗಿದಲ್ಲಿ ಕೆಮ್ಮುತ್ತಿದ್ದರೆ, ಎದೆಯ ತೊಂದರೆ ಇರಬಹುದು. ಮೊದಲಿಗಿಂತ ಹೆಚ್ಚು ನೀರು ಕುಡಿದು ಹೆಚ್ಚು ಉಚ್ಚೆ ಹೊಯ್ಯುತ್ತಿದ್ದರೆ ಮೂತ್ರಪಿಂಡವೋ ಗರ್ಭಕೋಶವೋ ಕೆಟ್ಟಿರಬಹುದು. ಹಲ್ಲು ಕೊಳೆತಿದ್ದರೆ ಆ ಬಾಯಿಯಿಂದಲೇ ಹೊಕ್ಕುಳ ಕಡಿದು ಮರಿಗಳಿಗೆ ಸೋಂಕು ತಗಲೀತು.

ತೂಕದ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಈ ನಾಯಿ ಹುಟ್ಟಿನಿಂದಲೇ ತೆಳು. ಹಿಂದಿನ ಪಕ್ಕೆಲುಬು ಎರಡು ಮೂರು ಕಣ್ಣಿಗೆ ಕಂಡರೆ ಅದು ಬಡಕಲೆಂದು ತಿಳಿಯಬೇಡಿ. ಆದರೆ ಸೊಂಟದ ಎಲುಬುಗಳು ಗೂಟದಂತೆ ಎದ್ದಿದ್ದು ತೊಡೆಯ ಮಾಂಸ ಇಳಿದಿದ್ದರೆ ಅದು ಬಡಕಲೇ ಸರಿ. ಪಕ್ಕೆಲುಬೇ ಕೈಗೆ ಸಿಗದಷ್ಟು ಕೊಬ್ಬಿದ್ದರೆ ಅದೂ ಹೆರಿಗೆಗೆ ಕೆಟ್ಟದ್ದು.

ಬಹಳ ಮುಖ್ಯವಾದ ಪರೀಕ್ಷೆ ಮೊಲೆಗಳದು. ನಾಯಿಯನ್ನು ಮಗ್ಗುಲಿಗೆ ಮಲಗಿಸಿ, ಎದೆಯಿಂದ ತೊಡೆಸಂದಿನವರೆಗೆ ಎರಡೂ ಸಾಲಿನ ಮೊಲೆಗಳನ್ನು ಒಂದೊಂದಾಗಿ ಎರಡು ಬೆರಳ ನಡುವೆ ಮೆಲ್ಲಗೆ ತಡವಿರಿ. ಜೋಳದ ಕಾಳಿನಷ್ಟು ಗಂಟು ಸಿಕ್ಕರೂ ಅದನ್ನು ಸಣ್ಣದೆಂದು ಬಿಡಬಾರದು. ಸಂತಾನಹರಣ ಚಿಕಿತ್ಸೆ ಆಗದೆ ವಯಸ್ಸಾದ ಹೆಣ್ಣು ನಾಯಿಗಳಲ್ಲಿ ಮೊಲೆಯ ಗಡ್ಡೆ ಸಾಮಾನ್ಯ. ಅವುಗಳಲ್ಲಿ ಸುಮಾರು ಅರ್ಧದಷ್ಟು ಕೆಟ್ಟ ಜಾತಿಯವಾಗಿರುತ್ತವೆ. ಸಣ್ಣದಿದ್ದಾಗಲೇ ಕತ್ತರಿಸಿ ತೆಗೆದರೆ ನಾಯಿ ಉಳಿಯುತ್ತದೆ. ಗಂಟು ಕಂಡ ನಾಯಿಗೆ ಗಂಡಿನ ಮಾತೇ ಬೇಡ, ಮೊದಲು ಆಸ್ಪತ್ರೆ.

ಹಿಂದಿನ ಸೂಲಿನ ಕತೆಯನ್ನೂ ನೆನಪು ಮಾಡಿಕೊಳ್ಳಬೇಕು. ಮರಿ ಸಿಕ್ಕಿಕೊಂಡು ಡಾಕ್ಟರರ ಕೈ ಬೇಕಾಯಿತೇ? ಹೊಟ್ಟೆ ಕೊಯ್ದು ಮರಿ ತೆಗೆಸಿದ್ದುಂಟೇ? ಹುಟ್ಟಿದ ಮರಿಗಳನ್ನು ಕಡಿಯಿತೇ? ಹಾಲು ಸಾಲದೇ ಹೋಯಿತೇ? ಗಬ್ಬ ಎರಡು ತಿಂಗಳು ತುಂಬುವ ಮೊದಲೇ ಕಂದುಹಾಕಿತೇ? ಇವುಗಳಲ್ಲಿ ಒಂದಕ್ಕೆ ಹೌದೆನ್ನಬೇಕಾಗಿ ಬಂದರೂ ಮುದಿ ವಯಸ್ಸಿನಲ್ಲಿ ಮತ್ತೆ ಆ ದಾರಿಗೆ ಹೋಗತಕ್ಕದ್ದಲ್ಲ. ಕಂದುಹಾಕುವ ನಾಯಿಗೆ ಬ್ರುಸೆಲ್ಲಾ ಎಂಬ ಸೋಂಕು ಇರಬಹುದು. ಅದು ಗಂಡಿಗೂ ಅಂಟುತ್ತದೆ, ಮನುಷ್ಯರಿಗೂ ಅಂಟಬಹುದು. ಆದುದರಿಂದ ಕಂದಿದ ಮರಿಯನ್ನೂ ಮಾಸನ್ನೂ ಬರಿಗೈಯಲ್ಲಿ ಮುಟ್ಟಬೇಡಿ, ಆಳವಾಗಿ ಹೂಳಿರಿ.

ಒಂದು ರಾತ್ರಿಯ ಸಂಗತಿ

ಕೆಲವು ವರ್ಷಗಳ ಹಿಂದೆ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಹೆಸರು ಬೇಡ, ಆ ಯಜಮಾನರು ನಮ್ಮಂಥ ರೈತರೇ. ಅವರ ಹೆಣ್ಣು ನಾಯಿಗೆ ಆರೂವರೆ ವರ್ಷ, ಚೊಚ್ಚಲ ಗಬ್ಬ. ಸಂಜೆ ದೀಪ ಹಚ್ಚುವ ಹೊತ್ತಿಗೆ ನಾಯಿ ಮುಕ್ಕಲು ಶುರುಮಾಡಿತು. ರಾತ್ರಿ ಊಟದ ಹೊತ್ತಿಗೂ ಮರಿ ಬರಲಿಲ್ಲ. ಹಸಿರು ಬಣ್ಣದ ನೀರು ಬಂತು. “ಬರತೈತಿ ಬಿಡ್ರಿ” ಎಂದು ಎಲ್ಲರೂ ಮಲಗಿದರು. ನಡುರಾತ್ರಿ ನಾಯಿ ಮುಕ್ಕುವುದನ್ನು ನಿಲ್ಲಿಸಿತು. ಮನೆಯವರು ನೋವು ಇಳಿಯಿತೆಂದು ತಿಳಿದರು. ಬೆಳಗಿನ ಜಾವ ಯಾರೋ ಎಮ್ಮೆಗೆ ಹಾಲಿಳಿಸಲು ಚುಚ್ಚುವ ಸೂಜಿಮದ್ದನ್ನು ತಂದು ಚುಚ್ಚಿದರು. ಮರಿ ಅಡ್ಡವಾಗಿ ಸಿಕ್ಕಿಕೊಂಡಿತ್ತು. ಮದ್ದಿನ ಬಲಕ್ಕೆ ಗರ್ಭಕೋಶ ಮುಂದೆ ನೂಕಿತು, ಹೋಗಲು ದಾರಿಯಿಲ್ಲ, ಹರಿಯಿತು. ಆಸ್ಪತ್ರೆಯ ಬಾಗಿಲಲ್ಲಿ ನಾಯಿ ಸತ್ತಿತು. ಮೂರು ಮರಿಗಳೂ ಉಳಿಯಲಿಲ್ಲ. ಯಜಮಾನರು ಟವೆಲಿನಲ್ಲಿ ಮುಖ ಒರೆಸಿಕೊಂಡು, “ಓಡೂ ನಾಯಿಗೆ ಈಯೂದು ಏನ ದೊಡ್ಡ ಮಾತು ಅಂತ ತಿಳಕೊಂಡಿದ್ನಿರಿ” ಎಂದರು.

ಓಡುವ ಶಕ್ತಿ ಬೇರೆ, ಹೆರುವ ಶಕ್ತಿ ಬೇರೆ ಎಂಬುದನ್ನು ನಾನೂ ಅಂದೇ ಸರಿಯಾಗಿ ಅರ್ಥ ಮಾಡಿಕೊಂಡದ್ದು.

ಆ ರಾತ್ರಿ ಏನು ಮಾಡಬೇಕಾಗಿತ್ತೆಂಬುದನ್ನು ತಿಳಿದಿಡಿ. ಇದು ಎಳೆಯ ನಾಯಿಗೂ ಅನ್ವಯಿಸುತ್ತದೆ. ಗಂಡು ಕೊಡಿಸಿದ ದಿನದಿಂದ ಸುಮಾರು ೬೩ ದಿನಕ್ಕೆ ಹೆರಿಗೆ. ಕೊನೆಯ ವಾರದಲ್ಲಿ ದಿನಕ್ಕೆ ಎರಡು ಸಲ ಗುದದ್ವಾರದಲ್ಲಿ ಉಷ್ಣಮಾಪಕವಿಟ್ಟು ನೋಡಿದರೆ, ೧೦೧ ಡಿಗ್ರಿಯ ಆಸುಪಾಸಿನಲ್ಲಿದ್ದ ಶಾಖ ಒಮ್ಮೆಲೇ ೯೯ಕ್ಕಿಂತ ಕೆಳಗೆ ಇಳಿಯುತ್ತದೆ. ಅಲ್ಲಿಂದ ಒಂದು ದಿನದೊಳಗೆ ಸಾಮಾನ್ಯವಾಗಿ ಮರಿ ಬರುತ್ತವೆ. ಇಳಿದು ಒಂದು ದಿನವಾದರೂ ಹೆರಿಗೆ ಶುರುವಾಗದಿದ್ದರೆ ಡಾಕ್ಟರರಿಗೆ ತಿಳಿಸಿರಿ. ಬಲವಾಗಿ ಮುಕ್ಕುತ್ತ ಅರ್ಧ ಗಂಟೆಯಾದರೂ ಮರಿ ಕಾಣದಿದ್ದರೆ, ಒಂದು ಮರಿಗೂ ಇನ್ನೊಂದಕ್ಕೂ ನಡುವೆ ಎರಡು ಗಂಟೆ ದಾಟಿದರೆ, ಮೊದಲ ಮರಿ ಬರುವ ಮುನ್ನವೇ ಹಸಿರು ನೀರು ಬಂದರೆ, ಬೆಳಗಾಗಲಿ ಎಂದು ಕಾಯಬೇಡಿ. ಒಂದು ಮರಿ ಹುಟ್ಟಿದ ಮೇಲೆ ಹಸಿರು ಬರುವುದು ಮಾಸಿನ ಬಣ್ಣ, ಅದಕ್ಕೆ ಹೆದರಬೇಕಿಲ್ಲ. ಹಾಲಿಳಿಸುವ ಸೂಜಿಯನ್ನಂತೂ ಯಾರೂ ತಮ್ಮಷ್ಟಕ್ಕೆ ಚುಚ್ಚಕೂಡದು. ಮರಿ ಹೇಗೆ ಮಲಗಿದೆಯೆಂದು ಕೈಯಿಟ್ಟು ನೋಡಿದ ಡಾಕ್ಟರರು ಮಾತ್ರ ಅದನ್ನು ಕೊಡತಕ್ಕವರು.

ಹೊಟ್ಟೆ ಕೊಯ್ಯಬೇಕಾಗಿ ಬಂದರೆ, ಇದು ಮುಧೋಳ ಜಾತಿಯ ನಾಯಿ ಎಂಬುದನ್ನು ಮೊದಲೇ ಹೇಳಿರಿ. ಮೈಯಲ್ಲಿ ಕೊಬ್ಬು ಕಡಿಮೆಯಿರುವ ಓಟದ ನಾಯಿಗಳಿಗೆ ಕೆಲವು ಅರಿವಳಿಕೆ ಮದ್ದುಗಳು ಬೇಗ ಇಳಿಯುವುದಿಲ್ಲ. ವೈದ್ಯರು ಅದಕ್ಕೆ ತಕ್ಕ ಮದ್ದನ್ನೂ ಪ್ರಮಾಣವನ್ನೂ ಆರಿಸುತ್ತಾರೆ.

ಕುಡಿ ಉಳಿಸಲು ಬೇರೆ ದಾರಿ

ಈಗ ನಿಮ್ಮ ಆಸೆಯ ಮಾತಿಗೆ ಬರೋಣ. ನಾಯಿಯ ಗುಣ ಅದರೊಂದಿಗೇ ಹೋಗಿಬಿಡುತ್ತದೆ ಎಂಬ ಭಯ ನಿಮ್ಮದು. ಸ್ವಲ್ಪ ಲೆಕ್ಕ ಹಾಕಿ. ಮರಿಗೆ ತಾಯಿಯಿಂದ ಅರ್ಧ, ತಂದೆಯಿಂದ ಅರ್ಧ ಬರುತ್ತದೆ. ಮುದಿ ನಾಯಿಯ ಮರಿಯಲ್ಲಿ ಅದರ ಅರ್ಧ ರಕ್ತವಿದ್ದರೆ, ಅದರ ಮಗಳು ಹಾಕುವ ಮರಿಯಲ್ಲಿ ಕಾಲು ಭಾಗವಿರುತ್ತದೆ. ಒಂದೇ ತಂದೆತಾಯಿಗೆ ಹುಟ್ಟಿದ ತಂಗಿಯ ಮರಿಯಲ್ಲೂ ಸರಾಸರಿ ಅಷ್ಟೇ ಇರುತ್ತದೆ. ಅರ್ಧಕ್ಕೂ ಕಾಲಿಗೂ ಇರುವ ಅಂತರಕ್ಕಾಗಿ ಒಂದು ಪ್ರಾಣವನ್ನು ಒಡ್ಡುವುದು ನ್ಯಾಯವೇ? ಅಲ್ಲದೆ ಮರಿಯ ಅರ್ಧ ಗುಣ ಗಂಡಿನಿಂದ ಬರುವುದನ್ನು ನಮ್ಮವರು ಮರೆತೇಬಿಡುತ್ತಾರೆ. ಹೆಣ್ಣನ್ನು ಊರಿಗೇ ಹೆಸರಾಗುವಂತೆ ಹೊಗಳಿ, ಗಂಡು ಮಾತ್ರ ಹತ್ತಿರದ ಓಣಿಯಲ್ಲಿ ಸಿಕ್ಕಿದ್ದು ಸಾಕೆನ್ನುತ್ತಾರೆ.

ಮುದಿ ನಾಯಿಯ ಅಣ್ಣತಮ್ಮ ಗಂಡು ಯಾರ ಮನೆಯಲ್ಲಾದರೂ ಇದೆಯೇ ವಿಚಾರಿಸಿ. ಗಂಡಿಗೆ ಹೆರಿಗೆಯ ಅಪಾಯವಿಲ್ಲ. ಏಳು ವರ್ಷದ ಗಂಡು ಗಟ್ಟಿಮುಟ್ಟಾಗಿದ್ದರೆ ಮೂರು ವರ್ಷದ ಹೆಣ್ಣಿಗೆ ಕೊಡಿಸಬಹುದು. ಆ ಹೆಣ್ಣು ಬೇರೆ ಮನೆತನದ್ದಾಗಿರಬೇಕು. ರಕ್ತ ಕಾಯಬೇಕೆಂದು ತಾಯಿಗೆ ಮಗನನ್ನು, ತಂಗಿಗೆ ಅಣ್ಣನನ್ನು ಕೂಡಿಸುವವರಿದ್ದಾರೆ. ಎರಡು ಮೂರು ತಲೆ ಹಾಗೆ ಮಾಡಿದರೆ ಮರಿಗಳು ಕಡಿಮೆಯಾಗುತ್ತವೆ, ಬಲ ಕುಂದುತ್ತದೆ, ಅಡಗಿದ್ದ ಕುಂದುಗಳು ಹೊರಬೀಳುತ್ತವೆ. ತಿಮ್ಮಾಪುರದ ಕೇಂದ್ರದಲ್ಲಿ ಕೇಳಿದರೆ ಗಂಡನ್ನು ಆರಿಸುವ ಬಗ್ಗೆ ಸಲಹೆ ದೊರೆಯುತ್ತದೆ.

ಮುದಿ ನಾಯಿಯಿಂದ ಒಂದು ದೊಡ್ಡ ಉಪಯೋಗವಿದೆ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡು ವರ್ಷದ ನಾಯಿಯಲ್ಲಿ ಮುಂದೆ ಯಾವ ಕಾಯಿಲೆ ಏಳುವುದೆಂದು ಯಾರಿಗೂ ಕಾಣದು. ಎಂಟು ವರ್ಷದವರೆಗೆ ಕಣ್ಣು, ಕೀಲು, ಎದೆ, ಸ್ವಭಾವ ಎಲ್ಲವೂ ನೆಟ್ಟಗಿದ್ದ ನಾಯಿ ತನ್ನ ವಂಶದ ಬಗ್ಗೆ ಸಾಕ್ಷಿ ಹೇಳುತ್ತದೆ. ಆ ಸಾಕ್ಷಿಯನ್ನು ನಂಬಿ ಅದರ ಮಗಳನ್ನು ತಳಿಗೆ ಇಟ್ಟುಕೊಳ್ಳಿ. ಮಗಳು ಮಾರಾಟವಾಗಿ ಬೇರೆ ಊರಿಗೆ ಹೋಗಿದ್ದರೆ ಕೊಂಡವರ ಬಳಿ ಹೋಗಿ, “ಅದರ ಒಂದು ಮರಿ ನಮಗಿರಲಿರಿ ಅಣ್ಣಾರ” ಎಂದು ಮಾತಾಡಿಕೊಳ್ಳಿ. ಇದಕ್ಕಾಗಿಯೇ ಯಾವ ಮರಿ ಯಾರ ಮನೆಗೆ ಹೋಯಿತೆಂದು ಬರೆದಿಡಬೇಕು. ಆಕಳ ಕರುವಿನ ಲೆಕ್ಕ ಇಡುವ ಪುಸ್ತಕದ ಹಿಂದಿನ ಪುಟ ಸಾಕು.

ಇನ್ನೊಂದು ತಪ್ಪು ನಂಬಿಕೆಯಿಂದ ಒಳ್ಳೆಯ ನಾಯಿಗಳು ತಳಿಯಿಂದ ಹೊರಗುಳಿಯುತ್ತಿವೆ. ಹೆಣ್ಣು ಒಮ್ಮೆ ಬೀದಿನಾಯಿಗೆ ಕೂಡಿದರೆ ಮುಂದಿನ ಸೂಲುಗಳೆಲ್ಲ ಕೆಟ್ಟವೆಂಬುದು ಆ ನಂಬಿಕೆ. ಹಾಗೇನೂ ಇಲ್ಲ, ಮುಂದಿನ ಸೂಲಿಗೆ ಹಿಂದಿನ ಗಂಡಿನ ಗುಣ ಅಂಟುವುದಿಲ್ಲ. ಆದರೆ ಒಂದೇ ಬೆದೆಯಲ್ಲಿ ಎರಡು ಗಂಡು ಕೂಡಿದರೆ ಅದೇ ಸೂಲಿನಲ್ಲಿ ಎರಡು ತಂದೆಯ ಮರಿಗಳು ಹುಟ್ಟಬಲ್ಲವು. ಆದುದರಿಂದ ರಕ್ತ ಕಂಡ ದಿನದಿಂದ ಮೂರು ವಾರ ನಾಯಿಯನ್ನು ಬಾಗಿಲೊಳಗೆ ಇಡಬೇಕು. ಮುದಿ ನಾಯಿಯ ಮಟ್ಟಿಗೂ ಇದು ಅಗತ್ಯ. ಹೆಣ್ಣು ನಾಯಿಗೆ ಬೆದೆ ನಿಲ್ಲುವ ವಯಸ್ಸು ಎಂಬುದಿಲ್ಲ. ಹತ್ತು ವರ್ಷದ ನಾಯಿಯೂ ಬೇಲಿ ಹಾರಿ ಗಬ್ಬವಾಗಬಹುದು.

ವೈದ್ಯರು ಒಪ್ಪಿದರೆ

ಸಲೀಸಾಗಿ ಈದ ನಾಯಿ, ಏಳರೊಳಗಿನ ವಯಸ್ಸು, ಮೈಯಲ್ಲಿ ಯಾವ ಕುಂದೂ ಇಲ್ಲ, ವೈದ್ಯರೂ ರಕ್ತ ಪರೀಕ್ಷಿಸಿ ಆಗಬಹುದೆಂದರು ಎನ್ನಿ. ಆಗಲೂ ಇದು ಕೊನೆಯ ಸೂಲೆಂದು ಮೊದಲೇ ನಿಶ್ಚಯಿಸಿ. ಬೇಸಿಗೆಯ ಉರಿಯಲ್ಲಿ ಹೆರಿಗೆ ಬೀಳದಂತೆ ಬೆದೆಯ ತಿಂಗಳು ನೋಡಿಕೊಳ್ಳಿ. ಗಂಡು ಕೊಡಿಸುವ ಮುನ್ನ ಲಸಿಕೆ, ಜಂತುಹುಳುವಿನ ಮದ್ದು ಮುಗಿದಿರಬೇಕು. ಜೋಡಿ ಅಂಟಿಕೊಂಡಾಗ ಹುಡುಗರು ಕಲ್ಲೆಸೆಯದಂತೆ ಕಾಯಿರಿ. ಅದು ಕಾಲು ಗಂಟೆ ಅರ್ಧ ಗಂಟೆಯಲ್ಲಿ ತಾನಾಗಿ ಬಿಡುತ್ತದೆ. ಎಳೆದು ಬಿಡಿಸಿದರೆ ಎರಡಕ್ಕೂ ಗಾಯ.

ತಿಂಗಳಿಗೆ ಹೊಟ್ಟೆ ನೋಡಿಸಿ ಗಬ್ಬ ನಿಂತದ್ದನ್ನು ಖಚಿತ ಮಾಡಿಕೊಳ್ಳಿ. ಎಂಟನೆಯ ವಾರದಲ್ಲಿ ಕ್ಷಕಿರಣ ತೆಗೆಸಿದರೆ ಮರಿ ಎಷ್ಟೆಂದು ಎಣಿಸಬಹುದು. ಮೂರು ಬಂದು ನಾಲ್ಕನೆಯದು ಒಳಗೇ ಉಳಿಯಿತೇ ಎಂಬ ಸಂಶಯ ಆಗ ಇರುವುದಿಲ್ಲ. ಮೊದಲ ಐದು ವಾರ ಎಂದಿನಷ್ಟೇ ಆಹಾರ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಏರಿಸಿ ಹೆರಿಗೆಯ ಹೊತ್ತಿಗೆ ಒಂದೂವರೆ ಪಟ್ಟು ಕೊಡಿ. ಬರೀ ಜೋಳದ ನುಚ್ಚು ಸಾಲದು. ಮೊಟ್ಟೆ, ಬೇಯಿಸಿದ ಮಾಂಸದ ಚೂರು, ಬೇಳೆ ಬೇಕು. ಸುಣ್ಣದ ಅಂಶದ ಮದ್ದನ್ನು ಗಬ್ಬದ ಕಾಲದಲ್ಲಿ ನೀವಾಗಿ ಕೊಡಬೇಡಿ. ಕೊಟ್ಟರೆ ಎಲುಬಿನಿಂದ ಸುಣ್ಣ ತೆಗೆಯುವ ಅಭ್ಯಾಸ ಮೈಗೆ ತಪ್ಪುತ್ತದೆ. ಹಾಲೂಡುವಾಗ ರಕ್ತದಲ್ಲಿ ಸುಣ್ಣ ಕುಸಿದು ನಾಯಿ ನಡುಗಿ ಸೆಟೆದುಕೊಳ್ಳುತ್ತದೆ. ಹೆತ್ತ ಎರಡರಿಂದ ನಾಲ್ಕು ವಾರದಲ್ಲಿ ಹೀಗೆ ಕಂಡರೆ ಮರಿಗಳನ್ನು ಮೊಲೆಯಿಂದ ಬಿಡಿಸಿ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ವ್ಯಾಪಾರಿಯ ಮುಂಗಡ ಮಾತ್ರ ತೆಗೆದುಕೊಳ್ಳಬೇಡಿ. ಮುಂಗಡ ಕೈಗೆ ಬಂದ ಮೇಲೆ ಡಾಕ್ಟರರು ಬೇಡವೆಂದರೂ ಕಿವಿಗೆ ಬೀಳುವುದಿಲ್ಲ. ಆರು ಮರಿ ಎಂದು ಎಣಿಸಿ ಎರಡು ಹುಟ್ಟಿದಾಗ, ಕೊಯ್ದು ತೆಗೆಸಿದ ಖರ್ಚು, ತಾಯಿಯ ಔಷಧ, ಮರಿಗಳಿಗೆ ಹೊರಗಿನ ಹಾಲು ಎಲ್ಲ ಕಳೆದು ಉಳಿಯುವುದೆಷ್ಟೆಂದು ನಿಮ್ಮ ಊರಿನ ದರದಲ್ಲಿ ನೀವೇ ಬರೆದು ನೋಡಿ.

ಬೇಡವೆಂದ ಮೇಲೆ

ಮರಿ ಬೇಡವೆಂದು ನಿಶ್ಚಯಿಸಿದೆವು, ಕೆಲಸ ಮುಗಿಯಿತು ಎನ್ನುವಂತಿಲ್ಲ. ಆಕಳಿಗೆ ಗಬ್ಬ ನಿಲ್ಲದಿದ್ದರೆ ಮೂರು ವಾರಕ್ಕೆ ಮತ್ತೆ ಬೆದೆ ಬರುವುದು ನಿಮಗೆ ಗೊತ್ತು. ನಾಯಿಯ ಮೈ ಹಾಗಲ್ಲ. ಗಬ್ಬ ನಿಲ್ಲಲಿ ಬಿಡಲಿ, ಬೆದೆಯ ನಂತರ ಸುಮಾರು ಎರಡು ತಿಂಗಳು ಅದರ ಗರ್ಭಕೋಶ ಗಬ್ಬವಾದಂತೆಯೇ ದಪ್ಪಗೆ ಮೆತ್ತಗೆ ಇರುತ್ತದೆ. ವರ್ಷಗಟ್ಟಲೆ ಹೀಗೆ ಆಗುತ್ತ ಬಂದ ಗರ್ಭಕೋಶದೊಳಗೆ ರೋಗಾಣು ಸೇರಿ ಕೀವು ತುಂಬುತ್ತದೆ. ನಡುವಯಸ್ಸು ದಾಟಿದ ಹೆಣ್ಣು ನಾಯಿಗಳನ್ನು ಕೊಲ್ಲುವ ಕಾಯಿಲೆಗಳಲ್ಲಿ ಇದು ಮುಖ್ಯವಾದುದು. ಬೆದೆ ಮುಗಿದು ಒಂದೆರಡು ತಿಂಗಳೊಳಗೆ ನಾಯಿ ಊಟ ಬಿಟ್ಟು, ನೀರನ್ನು ಮಾತ್ರ ಮೇಲಿಂದ ಮೇಲೆ ಕುಡಿಯುತ್ತ, ಮಂಕಾಗಿ ಮಲಗಿದರೆ ಇದನ್ನೇ ಶಂಕಿಸಿ. ಹಿಂದಿನಿಂದ ಕೀವು ಸೋರಿದರೆ ಗುರುತು ಸಿಕ್ಕುತ್ತದೆ. ಬಾಯಿ ಮುಚ್ಚಿಕೊಂಡು ಒಳಗೇ ತುಂಬಿದರೆ ಹೊಟ್ಟೆ ಮಾತ್ರ ಉಬ್ಬುತ್ತದೆ. ಮನೆಯವರು ಗಬ್ಬವೆಂದು ಹಿಗ್ಗುತ್ತಾರೆ. ಇದು ಇನ್ನೂ ಅಪಾಯದ್ದು.

ಇದಕ್ಕೆ ಕಾಯುವುದಕ್ಕಿಂತ, ಆರೋಗ್ಯವಾಗಿರುವಾಗಲೇ ಗರ್ಭಕೋಶವನ್ನೂ ಅಂಡಾಶಯವನ್ನೂ ತೆಗೆಸಿಬಿಡುವುದು ಲೇಸು. ವಯಸ್ಸಾದ ನಾಯಿಗೂ ರಕ್ತಪರೀಕ್ಷೆ ಮಾಡಿಸಿ ಈ ಚಿಕಿತ್ಸೆ ಮಾಡುತ್ತಾರೆ. ಬೆದೆ ಮುಗಿದು ಎರಡು ಮೂರು ತಿಂಗಳಾದ ಮೇಲಿನ ದಿನ ಅನುಕೂಲ. ಹಿಂದಿನ ರಾತ್ರಿಯ ನಂತರ ಆಹಾರ ಹಾಕಬೇಡಿ. ಕಳೆದ ಬೆದೆಯ ತಾರೀಖು, ಆದ ಸೂಲುಗಳು, ಹಾಕಿಸಿದ ಲಸಿಕೆ ಇವನ್ನು ಚೀಟಿಯಲ್ಲಿ ಬರೆದು ಒಯ್ದರೆ ಡಾಕ್ಟರರ ಅರ್ಧ ಕೆಲಸ ಹಗುರವಾಗುತ್ತದೆ. ಮನೆಗೆ ತಂದ ಮೇಲೆ ಹತ್ತು ಹನ್ನೆರಡು ದಿನ ಓಡಲು ಬಿಡದೆ ಕಟ್ಟಿ ಸಾಕಿರಿ. ಹೊಲದ ಕಡೆ ಹೊರಟವರನ್ನು ಕಂಡರೆ ಅದು ಸರಪಳಿ ಜಗ್ಗುತ್ತದೆ. ಆ ದಿನಗಳಲ್ಲಿ ಹೊಲಿಗೆಯನ್ನು ನೆಕ್ಕದಂತೆ ಕೊರಳಿಗೆ ಪಟ್ಟಿ ಕಟ್ಟಿ, ದಿನಕ್ಕೊಮ್ಮೆ ಗಾಯ ನೋಡಿರಿ.